ಗೆರಟೆಯಲ್ಲಿ ನೊರೆ: ಗಡ್ಡಕ್ಕೆ ಬ್ಲೇಡು ತಾಗುವ ಮೊದಲಿನ ಐದು ನಿಮಿಷ

ನನ್ನ ನೊರೆಯ ಜಂಬ ಇಳಿದದ್ದು ಮಹಾರಾಷ್ಟ್ರದ ಅಕ್ಕಲಕೋಟದಲ್ಲಿ.

ಗಡಿಯಾಚೆಯ ಕನ್ನಡ ಶಾಲೆಗಳ ಮಾಷ್ಟ್ರುಗಳು ಸೇರುವ ಸಣ್ಣ ಕೂಟವೊಂದಕ್ಕೆ ಕಾಸರಗೋಡಿನಿಂದ ನಾವು ಮೂವರು ಹೋಗಿದ್ದೆವು. ಉಳಿದುಕೊಂಡದ್ದು ಅಲ್ಲಿನವರೇ ಆದ ಒಬ್ಬರ ಮನೆಯಲ್ಲಿ. ಬೆಳಗ್ಗೆ ಬಚ್ಚಲ ಕಿಟಕಿಯಲ್ಲಿ ಕನ್ನಡಿ ಇಟ್ಟು ಗಡ್ಡ ತೆಗೆಯಲು ಶುರು ಮಾಡಿದೆ. ಊರಿಂದ ತಂದ ಅದೇ ಸೋಪು, ಅದೇ ಬ್ರಷ್, ಅದೇ ಕೈ. ಎರಡು ನಿಮಿಷ ತಿರುಗಿಸಿದರೂ ಬಂದದ್ದು ಅಕ್ಕಚ್ಚಿನಂಥ ಬಿಳಿ ನೀರು, ಅದರ ಮೇಲೆ ನಾಲ್ಕು ಗುಳ್ಳೆ. ಹೇಗೋ ಬಲಗೆನ್ನೆಗೆ ಹಚ್ಚಿದೆ. ಎಡಗೆನ್ನೆಗೆ ಹೋಗುವಷ್ಟರಲ್ಲಿ ಬಲಗೆನ್ನೆ ಒಣಗಿ ಪುಡಿ ಪುಡಿ.

ಹಿಂದೆ ನಿಂತು ನೋಡುತ್ತಿದ್ದ ಮನೆಯವರು ನಕ್ಕರು. "ಬೋರಿನ ನೀರಾಗ ಬುರುಗು ಬರಂಗಿಲ್ರೀ ಸರ್. ಸವಳು ನೀರದು. ತಡೀರಿ, ಕುಡಿಯೋ ನೀರು ತರ್ತೀನಿ." ನಾವು ನೊರೆ ಅನ್ನುವುದು ಅವರ ಬಾಯಲ್ಲಿ ಬುರುಗು. ಒಂದು ಲೋಟ ಫಿಲ್ಟರ್ ನೀರು ಬಂತು. ಬ್ರಷ್ ಚೆನ್ನಾಗಿ ತೊಳೆದು ಮತ್ತೆ ಶುರು ಮಾಡಿದೆ. ಒಂದೂವರೆ ನಿಮಿಷಕ್ಕೆ ನೊರೆ ಕಟ್ಟಿತು.

ಅಷ್ಟು ವರ್ಷ ಅದು ನನ್ನ ಕೈಗುಣ ಅಂದುಕೊಂಡಿದ್ದೆ. ಅರ್ಧಕ್ಕರ್ಧ ನಮ್ಮ ಬಾವಿಯ ಗುಣ ಅದು. ಹಾಗಾಗಿ ಸೋಪು, ಬ್ರಷ್ಷಿನ ಮಾತು ಆಮೇಲೆ. ಮೊದಲು ನೀರು.

ಮೊದಲು ನೀರು ನೋಡಿ

ಕಾಸರಗೋಡಿನ ಒಳಭಾಗದಲ್ಲಿ, ಅಂದರೆ ಬದಿಯಡ್ಕ, ಪೆರ್ಲ, ಬಾಯಾರು ಕಡೆ ಇರುವವರು ಪುಣ್ಯವಂತರು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಬಾವಿಯ ನೀರು, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು, ಎರಡೂ ಸಾಮಾನ್ಯವಾಗಿ ಮೆದು. ಮಳೆ ಸುರಿದು ಮುರಕಲ್ಲಿನಲ್ಲಿ ಇಳಿದು ಬಂದ ನೀರು ಅದು. ಸುಣ್ಣದ ಅಂಶ ಕಡಿಮೆ. ಆ ನೀರಿನಲ್ಲಿ ಸೋಪು ಬೇಗ ನೊರೆಯಾಗುತ್ತದೆ, ಮೈಯಿಂದ ಸೋಪು ತೊಳೆದುಹೋಗಲು ಮಾತ್ರ ತಡ. ಸ್ನಾನ ಮಾಡುವಾಗ "ಎಷ್ಟು ನೀರು ಹೊಯ್ದರೂ ಜಾರುತ್ತದಲ್ಲ" ಅನ್ನಿಸಿದರೆ ನಿಮ್ಮದು ಮೆದು ನೀರು.

ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ, ಅದಕ್ಕೇ ಅದು ಗಡಸು ನೀರು. ಸೋಪು ಇವುಗಳ ಜೊತೆ ಸೇರಿದರೆ ನೀರಿನಲ್ಲಿ ಕರಗದ ಜಿಡ್ಡಾಗಿಬಿಡುತ್ತದೆ. ಬಕೆಟಿನ ಅಂಚಿನಲ್ಲಿ ಬಿಳಿಯಾಗಿ ಅಂಟಿಕೊಳ್ಳುವುದು ಅದೇ. ಅಂದರೆ ನೀವು ಬ್ರಷ್‌ಗೆ ತುಂಬಿದ ಸೋಪಿನಲ್ಲಿ ಒಂದು ಪಾಲು ನೊರೆಯಾಗುವ ಮೊದಲೇ ಸತ್ತಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಒಪ್ಪುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರ ತನಕ ನಡೆಯುತ್ತದೆ. ಕುಡಿಯಲು ಪಾಸಾದ ನೀರು ಗಡ್ಡಕ್ಕೂ ಪಾಸು ಅಂತಿಲ್ಲ.

ನಮ್ಮಲ್ಲೂ ಎಲ್ಲರಿಗೂ ಸುಖವಿಲ್ಲ. ಹೊಳೆ ಸಮುದ್ರ ಸೇರುವ ಜಾಗದ ಹತ್ತಿರ, ಮೊಗ್ರಾಲು, ಶಿರಿಯ, ಚಂದ್ರಗಿರಿಯ ಕೆಳಭಾಗದಲ್ಲಿ, ಏಪ್ರಿಲ್‌, ಮೇ ತಿಂಗಳಲ್ಲಿ ಉಪ್ಪುನೀರು ಮೇಲೇರುತ್ತದೆ. ಉಪ್ಪು ಸೇರಿದ ನೀರಿನಲ್ಲಿ ಸೋಪು ಸರಿಯಾಗಿ ಕರಗುವುದೇ ಇಲ್ಲ. ಅಂಥ ನೀರಿನಲ್ಲೂ ತೆಂಗಿನೆಣ್ಣೆಯ ಸೋಪು ಸ್ವಲ್ಪ ನೊರೆ ಕೊಡುತ್ತದೆ. ಹಿಂದೆ ಹಡಗಿನವರು ಸಮುದ್ರದ ನೀರಿನಲ್ಲಿ ಮೈ ತೊಳೆಯಲು ಅದನ್ನೇ ಇಟ್ಟುಕೊಳ್ಳುತ್ತಿದ್ದರು.

ನಿಮ್ಮ ನೀರು ಎಂಥದ್ದು ಅಂತ ತಿಳಿಯಲು ಲ್ಯಾಬಿಗೆ ಕೊಡಬೇಕಾಗಿಲ್ಲ. ಒಂದು ಖಾಲಿ ಬಾಟಲಿಯಲ್ಲಿ ಮೂರನೇ ಒಂದು ಪಾಲು ನೀರು ಹಾಕಿ. ಉಗುರಿನಷ್ಟು ಸೋಪಿನ ಚೂರು ಹಾಕಿ. ಶಾಂಪೂ, ಬಟ್ಟೆ ಪುಡಿ ಬೇಡ, ಅವು ಗಡಸು ನೀರಿನಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತವೆ. ಮುಚ್ಚಳ ಹಾಕಿ ಹತ್ತು ಇಪ್ಪತ್ತು ಸಲ ಜೋರಾಗಿ ಕುಲುಕಿ, ಐದು ನಿಮಿಷ ಬಿಡಿ. ನೊರೆ ನಿಂತಿದ್ದು ಕೆಳಗಿನ ನೀರು ಸುಮಾರಾಗಿ ತಿಳಿಯಾಗಿದ್ದರೆ ಮೆದು ನೀರು. ನೊರೆ ಇಳಿದು ನೀರು ಹಾಲಿನಂತಾಗಿ ಮೊಸರು ಒಡೆದ ಹಾಗೆ ಚೂರು ತೇಲುತ್ತಿದ್ದರೆ ಗಡಸು.

ಗಡಸಾದರೆ ದಾರಿ ಉಂಟು. ಶೇವಿಂಗ್‌ಗೆ ಬೇಕಾದ ನೀರು ಎಷ್ಟು? ನೊರೆಗೆ ಎರಡು ಮೂರು ಚಮಚ, ಬ್ರಷ್ ನೆನೆಸಲು ಅರ್ಧ ಲೋಟ. ಅಷ್ಟನ್ನು ಕುಡಿಯುವ ಆರ್‌ಒ ನೀರಿನಿಂದ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಮಾಡಿನಿಂದ ಬೀಳುವ ನೀರು ಹಿಡಿದಿಟ್ಟರೆ ಅದಕ್ಕಿಂತ ಮೆದು ನೀರು ಇನ್ನೊಂದಿಲ್ಲ. ಮೊದಲ ಮಳೆಯ ಕಸ ತೊಳೆದುಹೋದ ಮೇಲೆ ಹಿಡಿಯಿರಿ. ಹತ್ತು ನಿಮಿಷ ಕುದಿಸಿ ತಣಿಸಿ ಮೇಲಿನ ತಿಳಿ ಬಗ್ಗಿಸಿಕೊಂಡರೂ ಒಂದು ಬಗೆಯ ಗಡಸು ಹೋಗುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಇನ್ನೊಂದು ಬಗೆ ಕುದಿಸಿದರೂ ಹೋಗುವುದಿಲ್ಲ. ಕುದಿಸಿಯೂ ಪ್ರಯೋಜನ ಕಾಣದಿದ್ದರೆ ಆರ್‌ಒ ನೀರೇ ಗತಿ. ಪ್ರಯಾಣದಲ್ಲಿ ನಾನೀಗ ಒಂದು ಸಣ್ಣ ಬಾಟಲಿಯಲ್ಲಿ ಮನೆಯ ಬಾವಿ ನೀರು ಒಯ್ಯುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ.

ಸೋಪು: ಎಲ್ಲ ಬಿಳಿ ಗುಳ್ಳೆಯೂ ನೊರೆಯಲ್ಲ

ಸ್ನಾನದ ಸೋಪಿನಲ್ಲಿ ಯಾಕೆ ಆಗುವುದಿಲ್ಲ ಎಂದು ಕೇಳುವವರಿದ್ದಾರೆ. ಆಗುತ್ತದೆ, ಅರ್ಧ ನಿಮಿಷ. ತೆಂಗಿನೆಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ ಇರುತ್ತದೆ. ಅದರ ಸೋಪು ಬೇಗ ನೊರೆ ಕೊಡುತ್ತದೆ, ದೊಡ್ಡ ದೊಡ್ಡ ಗುಳ್ಳೆ ಕೊಡುತ್ತದೆ, ಅಷ್ಟೇ ಬೇಗ ಒಡೆದೂ ಹೋಗುತ್ತದೆ. ಗಡ್ಡಕ್ಕೆ ಬೇಕಾದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ. ಅದನ್ನು ಕೊಡುವುದು ಸ್ಟಿಯರಿಕ್ ಆಮ್ಲ. ಶೇವಿಂಗ್ ಸೋಪಿನಲ್ಲಿ ಇದು ಧಾರಾಳವಾಗಿ ಇರುತ್ತದೆ. ಜೊತೆಗೆ ಅದನ್ನು ಬರೀ ಸೋಡಿಯಂ ಕ್ಷಾರದಲ್ಲಿ, ಅಂದರೆ ಕಾಸ್ಟಿಕ್ ಸೋಡಾದಲ್ಲಿ, ಮಾಡದೆ ಪೊಟ್ಯಾಸಿಯಂ ಕ್ಷಾರ ಕೂಡ ಸೇರಿಸಿ ಮಾಡುತ್ತಾರೆ. ಪೊಟ್ಯಾಸಿಯಂ ಸೋಪು ಮೆತ್ತಗೆ, ನೀರಿನಲ್ಲಿ ಬೇಗ ಕರಗುತ್ತದೆ.

ಆದ್ದರಿಂದ ಡಬ್ಬಿ ತಿರುಗಿಸಿ ಹಿಂದೆ ಓದಿ. ಸ್ಟಿಯರಿಕ್ ಆಸಿಡ್, ಪೊಟ್ಯಾಸಿಯಂ ಸ್ಟಿಯರೇಟ್ ಅನ್ನುವ ಹೆಸರುಗಳು ಪಟ್ಟಿಯ ಮೊದಲ ಮೂರು ನಾಲ್ಕರಲ್ಲಿ ಇದ್ದರೆ ಒಳ್ಳೆಯ ಸೂಚನೆ. ಗ್ಲಿಸರಿನ್ ಇದ್ದರೆ ನೊರೆ ಬೇಗ ಒಣಗುವುದಿಲ್ಲ. ಇಡಿಟಿಎ ಅಂತ ಇದ್ದರೆ ಅದು ಗಡಸು ನೀರಿನ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೋರ್‌ವೆಲ್‌ನವರಿಗೆ ಉಪಯೋಗ. ಟ್ಯೂಬಿನ ಕ್ರೀಮು ಕೂಡ ಸೋಪೇ. ಮೊದಲೇ ನೀರು ಸೇರಿಸಿ ಮೆತ್ತಗೆ ಮಾಡಿಟ್ಟದ್ದು ಅಷ್ಟೆ. ಹೊಸಬರಿಗೆ ಕ್ರೀಮು ಸುಲಭ. ಸಮಯ ಇದ್ದವರಿಗೆ ಗಟ್ಟಿ ಸೋಪಿನ ಖುಷಿಯೇ ಬೇರೆ. ಡಬ್ಬಿಯ ಗುಂಡಿ ಒತ್ತಿದರೆ ಬುಸ್ಸೆಂದು ಬರುವ ಫೋಮಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದರಲ್ಲಿ ಕಲಿಯಲಿಕ್ಕೆ ಏನೂ ಇಲ್ಲ.

ಬ್ರಷ್‌ ಬಗ್ಗೆ ಎರಡೇ ಮಾತು. ಹಂದಿ ಕೂದಲಿನ ಬ್ರಷ್ ಹೊಸತರಲ್ಲಿ ಒರಟು. ಹತ್ತಿಪ್ಪತ್ತು ಸಲ ಬಳಸಿದ ಮೇಲೆ ಕೂದಲಿನ ತುದಿ ಸೀಳಿ ಮೆತ್ತಗಾಗುತ್ತದೆ. ಅದನ್ನು ಪ್ರತಿ ಸಲ ನೆನೆಸಲೇಬೇಕು. ಸಿಂಥೆಟಿಕ್ ಬ್ರಷ್‌ಗೆ ನೆನೆಸುವ ಕೆಲಸವಿಲ್ಲ, ಬೇಗ ಒಣಗುತ್ತದೆ. ನಮ್ಮ ಮಳೆಗಾಲಕ್ಕೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಗೆರಟೆ ಯಾಕೆ

ನೊರೆಯನ್ನು ಮುಖದ ಮೇಲೇ ಕಟ್ಟಬಹುದು, ಬಟ್ಟಲಲ್ಲೂ ಕಟ್ಟಬಹುದು. ಕಲಿಯುವವರು ಬಟ್ಟಲಲ್ಲಿ ಶುರು ಮಾಡಿದರೆ ನೊರೆ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಬಟ್ಟಲಿಗೆ ದುಡ್ಡು ಹಾಕಬೇಡಿ. ತೆಂಗಿನಕಾಯಿ ಒಡೆದಾಗ ಕಣ್ಣಿಲ್ಲದ ಅರ್ಧದ ಗೆರಟೆ, ಅಂದರೆ ಚಿಪ್ಪು, ಎತ್ತಿಟ್ಟುಕೊಳ್ಳಿ. ಕಣ್ಣಿರುವ ಅರ್ಧದಲ್ಲಿ ನೀರು ಸೋರುತ್ತದೆ.

ಕಾಯಿ ತುರಿದ ಮೇಲೆ ಒಳಗೆ ಅಂಟಿಕೊಂಡ ಬಿಳಿಯನ್ನು ಚೂರಿಯಿಂದ ಪೂರ್ತಿ ಹೆರೆಯಬೇಕು. ಇದು ಮುಖ್ಯ, ಯಾಕೆಂದರೆ ಎಣ್ಣೆ ನೊರೆಗೆ ವೈರಿ. ಸ್ವಲ್ಪ ತೆಂಗಿನ ಅಂಶ ಉಳಿದರೂ ನೊರೆ ಕೂತುಬಿಡುತ್ತದೆ. ಬಿಸಿನೀರು, ಸೋಪು ಹಾಕಿ ಎರಡು ಸಲ ತಿಕ್ಕಿ, ಬಿಸಿಲಲ್ಲಿ ಒಣಗಿಸಿ. ಹೊರಗಿನ ನಾರು ಕೆರೆದು ತೆಗೆದರೆ ಕೈಗೆ ಚುಚ್ಚುವುದಿಲ್ಲ. ಆಮೇಲೆ ಒಳಗೆ ಚೂರಿಯ ತುದಿಯಿಂದ ಅಡ್ಡ ಉದ್ದ ಎಂಟು ಹತ್ತು ಗೀರು ಎಳೆಯಿರಿ. ಬ್ರಷ್ಷಿನ ಕೂದಲು ಆ ಗೀರಿಗೆ ತಾಗಿ ಒಳಗೆ ಗಾಳಿ ಸೇರಿಸುತ್ತದೆ. ನುಣುಪಾದ ಸ್ಟೀಲಿನ ಬಟ್ಟಲಿನಲ್ಲಿ ಬ್ರಷ್ ಸುಮ್ನೆ ಜಾರಿಕೊಂಡು ತಿರುಗುತ್ತದೆ.

ಎಣ್ಣೆಯ ಮಾತು ಬಂದದ್ದಕ್ಕೆ ಇನ್ನೊಂದು. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಬ್ರಷ್ ಮುಟ್ಟಬೇಡಿ. ನಾನು ಒಂದು ತಿಂಗಳು ಇದೇ ತಪ್ಪು ಮಾಡಿ ಸೋಪನ್ನು ಬೈದಿದ್ದೇನೆ. ಭಾನುವಾರ ಎಣ್ಣೆ ಸ್ನಾನ ಇದ್ದರೆ ಗಡ್ಡ ತೆಗೆಯುವುದು ಅದಕ್ಕೆ ಮೊದಲು.

ನೆನೆಸುವುದು, ತುಂಬುವುದು

ಸ್ನಾನ ಮಾಡಿ ಬಂದ ಕೂಡಲೇ ಗಡ್ಡ ತೆಗೆಯುವುದು ಉತ್ತಮ. ಆಗದಿದ್ದರೆ ಹಂಡೆಯ ಬಿಸಿನೀರಿನಲ್ಲಿ ಮುಖ ತೊಳೆದು ಒದ್ದೆ ಟವೆಲನ್ನು ಎರಡು ಮೂರು ನಿಮಿಷ ಗಡ್ಡಕ್ಕೆ ಒತ್ತಿಕೊಳ್ಳಿ. ಒಣ ಕೂದಲು ಗಟ್ಟಿ. ನೀರು ಕುಡಿದ ಕೂದಲು ಉಬ್ಬಿ ಮೆದುವಾಗಿ ಸುಲಭವಾಗಿ ಕತ್ತರಿಸುತ್ತದೆ. ನೊರೆಯ ನಿಜವಾದ ಕೆಲಸವೂ ಅದೇ, ಆ ನೀರು ಆರದ ಹಾಗೆ ಕೂದಲಿನ ಸುತ್ತ ಹಿಡಿದಿಡುವುದು. ಜೊತೆಗೆ ಬ್ಲೇಡು ಜಾರುವುದಕ್ಕೆ ಒಂದು ಪದರ.

ನೀವು ಸ್ನಾನಕ್ಕೆ ಹೋಗುವ ಮೊದಲು ಎರಡು ಕೆಲಸ ಮಾಡಿಡಿ. ಬ್ರಷ್ಷನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಡಿ, ಕೂದಲು ಮಾತ್ರ ಮುಳುಗಿದರೆ ಸಾಕು, ಹಿಡಿ ಬೇಡ. ಕುದಿನೀರು ಹಾಕಿದರೆ ಕೂದಲು ಹಾಳು, ಕೂದಲನ್ನು ಹಿಡಿದಿಟ್ಟ ಅಂಟೂ ಬಿಡುತ್ತದೆ. ಸೋಪಿನ ಮೇಲೆ ಒಂದು ಚಮಚ ಬೆಚ್ಚನೆ ನೀರು ಹೊಯ್ದಿಡಿ. ಬರುವಷ್ಟರಲ್ಲಿ ಮೇಲ್ಪದರ ಮೆತ್ತಗಾಗಿರುತ್ತದೆ. ಆ ನೀರನ್ನು ಚೆಲ್ಲಬೇಡಿ, ಗಡ್ಡಕ್ಕೆ ಸವರಿಕೊಳ್ಳಿ.

ಈಗ ಬ್ರಷ್ ಎತ್ತಿ ಮೂರು ಸಲ ಕೊಡವಿ. ನೀರು ತೊಟ್ಟಿಕ್ಕಬಾರದು, ಆದರೆ ಒದ್ದೆಯಾಗಿರಬೇಕು. ಸೋಪಿನ ಮೇಲೆ ಇಟ್ಟು, ಕೂದಲಿನ ತುದಿ ಸ್ವಲ್ಪ ಅಗಲಿಸುವಷ್ಟು ಮಾತ್ರ ಒತ್ತಿ, ತಿರುಗಿಸಿ. ಎಷ್ಟು ಹೊತ್ತು? ಹೆಚ್ಚಿನವರು ಕೆಡುವುದು ಇಲ್ಲೇ. ನಾಲ್ಕು ಸುತ್ತಿಗೆ ಬಿಳಿ ಗುಳ್ಳೆ ಕಂಡ ಕೂಡಲೇ "ಆಯ್ತು" ಅಂತ ಮುಖಕ್ಕೆ ಹೋಗುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಕುಂಬಳೆಯಲ್ಲಿ ನಾನು ಹೋಗುವ ಕ್ಷೌರದಂಗಡಿಯಲ್ಲಿ ಒಂದು ಸಂಜೆ ಗಿರಾಕಿ ಇರಲಿಲ್ಲ. ಅಂಗಡಿಯವರು ಬ್ರಷ್ ನನ್ನ ಕೈಗೇ ಕೊಟ್ಟು ಮಾಡಿ ತೋರಿಸಿ ಅಂದರು. ತೋರಿಸಿದೆ.

"ಮಾಷ್ಟ್ರೇ, ಮಕ್ಕಳಿಗೆ ಮಗ್ಗಿ ಕಲಿಸುವಾಗ ಹೀಗೆ ಅವಸರ ಮಾಡ್ತೀರಾ?"

"ಇಲ್ಲ."

"ಮತ್ತೆ ಇದಕ್ಕೆ ಎಂತ ಅವಸರ? ಐವತ್ತು ಎಣಿಸಿ. ಗುಳ್ಳೆ ನೋಡ್ಬೇಡಿ. ಶಬ್ದ ಕೇಳಿ."

ಎಣಿಸಿದೆ. ಮೊದಲ ಹದಿನೈದು ಸುತ್ತಿಗೆ ಚರಚರ ಶಬ್ದ, ದೊಡ್ಡ ಗುಳ್ಳೆ. ಇಪ್ಪತ್ತೈದರ ಹೊತ್ತಿಗೆ ಗುಳ್ಳೆ ಅಡಗಿತು. ನಲವತ್ತರ ಮೇಲೆ ಶಬ್ದವೇ ಇಲ್ಲ, ಬ್ರಷ್ ಸ್ವಲ್ಪ ಅಂಟಿದ ಹಾಗೆ, ತಿರುಗಿಸಲು ಭಾರ. ಕೂದಲಿನ ನಡುವೆ ಟೂತ್‌ಪೇಸ್ಟಿನಂಥ ಗಟ್ಟಿ ಬಿಳಿ. ಅವರು ಬ್ರಷ್ ಇಸಿದುಕೊಂಡು ತಲೆಕೆಳಗೆ ಹಿಡಿದರು. ಒಂದು ಹನಿ ಬೀಳಲಿಲ್ಲ. "ಇಷ್ಟು ಬ್ರಷ್ಷಿಗೆ ತಿನ್ನಿಸಿದ ಮೇಲೆ ಉಳಿದದ್ದೆಲ್ಲ ನೀರಿನ ಕೆಲಸ" ಅಂದರು. ಆ ಅಂಗಡಿಯಲ್ಲಿ ಕೂತರೆ ತುಳುವಿನ ನುರೆ, ಮಲಯಾಳದ ಪತ, ನಮ್ಮ ನೊರೆ, ಮೂರೂ ಒಂದೇ ಕುರ್ಚಿಯ ಸುತ್ತ ಕೇಳುತ್ತವೆ. ಶಬ್ದ ಕೇಳಿ ಅನ್ನುವ ಪಾಠ ಮಾತ್ರ ಬೇರೆಲ್ಲೂ ಕೇಳಿರಲಿಲ್ಲ.

ಕ್ರೀಮಾದರೆ ಈ ಹಂತ ಇಲ್ಲ. ಗೇರುಬೀಜದ ಒಂದು ಹೋಳಿನಷ್ಟು ಕ್ರೀಮು ಗೆರಟೆಯ ತಳಕ್ಕೆ ಹಾಕಿ ಮುಂದಿನ ಹಂತಕ್ಕೆ ಬನ್ನಿ. ಜಾಹೀರಾತಿನಲ್ಲಿ ತೋರಿಸುವಷ್ಟು ಉದ್ದಕ್ಕೆ ಹಿಂಡಿದರೆ ಟ್ಯೂಬು ಬೇಗ ಮುಗಿಯುತ್ತದೆ, ಅಷ್ಟೇ. ಕಡ್ಡಿಯಂಥ ಸೋಪಿನ ಸ್ಟಿಕ್ ಇದ್ದವರು ಒದ್ದೆ ಗಡ್ಡಕ್ಕೆ ನೇರ ಉಜ್ಜಿಕೊಂಡು ಮೇಲಿಂದ ಬ್ರಷ್ ಆಡಿಸಿದರಾಯಿತು.

ಉದ್ದು ರುಬ್ಬಿದ ಹಾಗೆ

ಇಡ್ಲಿಗೆ ಉದ್ದು ರುಬ್ಬುವುದನ್ನು ನೋಡಿದ್ದೀರಲ್ಲ? ಒಮ್ಮೆಗೇ ನೀರು ಹೊಯ್ದರೆ ಕೆಟ್ಟಿತು. ಹಿಟ್ಟು ನೀರಾಗುತ್ತದೆ, ಉಬ್ಬುವುದಿಲ್ಲ. ರುಬ್ಬುತ್ತಾ ರುಬ್ಬುತ್ತಾ ಕೈಯಿಂದ ಚಿಮುಕಿಸಬೇಕು. ಒಂದು ಹೊತ್ತಿಗೆ ಹಿಟ್ಟು ತಾನಾಗಿ ಹಗುರಾಗಿ ಬೆಣ್ಣೆಯ ಹಾಗೆ ಏಳುತ್ತದೆ. ನೊರೆಗೂ ಇದೇ ಲೆಕ್ಕ.

ಸೋಪು ತುಂಬಿದ ಬ್ರಷ್ಷನ್ನು ಗೆರಟೆಗೆ ತನ್ನಿ. ಮೊದಲ ಇಪ್ಪತ್ತು ಸುತ್ತು ನೀರೇ ಬೇಡ. ಗಟ್ಟಿ ಪೇಸ್ಟು ಗೆರಟೆಯ ಬದಿಗೆ ಅಂಟಿಕೊಳ್ಳುತ್ತದೆ. ಈಗ ಬ್ರಷ್ಷಿನ ತುದಿ ಮಾತ್ರ ನೀರಿಗೆ ತಾಗಿಸಿ, ಇಲ್ಲವೇ ಬೆರಳಿನಿಂದ ನಾಲ್ಕೈದು ಹನಿ ಚಿಮುಕಿಸಿ. ಇಪ್ಪತ್ತು ಸುತ್ತು. ನೀರು ಪೂರ್ತಿ ಸೇರಿಹೋಗುವ ತನಕ ಮತ್ತೆ ಹಾಕಬೇಡಿ. ಮತ್ತೆ ನಾಲ್ಕೈದು ಹನಿ, ಮತ್ತೆ ಇಪ್ಪತ್ತು ಸುತ್ತು. ಸುತ್ತುವಾಗ ಆಗಾಗ ಬ್ರಷ್ಷನ್ನು ಮೇಲೆ ಕೆಳಗೆ ಮೆಲ್ಲ ಕುಟ್ಟಿ, ಒಳಗೆ ಕೂತ ಸೋಪು ಹೊರಗೆ ಬರಲಿ.

ಮೂರನೇ ಸಲದ ಹೊತ್ತಿಗೆ ರಾಶಿ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ನಿಲ್ಲಿಸಬೇಡಿ. ಈ ನೊರೆ ನೋಡಲು ಗಟ್ಟಿ, ಬಿಳಿ, ಕೊಂಬು ನಿಲ್ಲುತ್ತದೆ. ಫೋಟೋ ತೆಗೆಯಲಿಕ್ಕೆ ಚಂದ. ಮುಖಕ್ಕೆ ಹಚ್ಚಿದರೆ ಎರಡು ನಿಮಿಷಕ್ಕೆ ಒಣಗುತ್ತದೆ, ಯಾಕೆಂದರೆ ಒಳಗೆ ಗಾಳಿ ಉಂಟು, ನೀರಿಲ್ಲ. ಇನ್ನೂ ಎರಡು ಮೂರು ಸಲ ನೀರು ಹಾಕುವ ಧೈರ್ಯ ಬೇಕು.

ಬದಲಾವಣೆ ಆಗುವ ಗಳಿಗೆ ನೋಡಿ. ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾಗಿದ್ದ ನೊರೆಗೆ ಒಂದು ಹೊಳಪು ಬರುತ್ತದೆ, ಒದ್ದೆ ಬಣ್ಣದ ಹಾಗೆ. ಕೊಂಬು ನೆಟ್ಟಗೆ ನಿಲ್ಲದೆ ತುದಿ ಮೆಲ್ಲ ಬಾಗುತ್ತದೆ. ಗಿಂಡಿಯಿಂದ ನೀರು ಹಾಕುವ ಅಭ್ಯಾಸ ಇದ್ದವರು ಗಿಂಡಿಯನ್ನು ಪಕ್ಕಕ್ಕೆ ಇಡುವುದು ಈಗ. ಒಟ್ಟು ಹಾಕಿದ ನೀರು ಲೆಕ್ಕ ಮಾಡಿದರೆ ಎರಡು ಟೀ ಚಮಚ, ಅಂದರೆ ಸುಮಾರು 10 ಮಿಲಿಲೀಟರ್. ಸೋಪು ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ. ಮೊದಲ ವಾರ ಚಮಚ ಇಟ್ಟು ಅಳೆದರೆ ನಾಚಿಕೆ ಏನಿಲ್ಲ.

ಬೆರಳಿನ ಪರೀಕ್ಷೆ ಒಂದು ಉಂಟು. ಹೆಬ್ಬೆರಳು, ತೋರುಬೆರಳ ನಡುವೆ ಸ್ವಲ್ಪ ನೊರೆ ತೆಗೆದುಕೊಂಡು ಉಜ್ಜಿ. ಬೆರಳು ಅಂಟಿದರೆ ನೀರು ಸಾಲದು. ಎಣ್ಣೆ ಹಾಕಿದಂತೆ ಜಾರಿದರೆ ಸರಿ. ನೊರೆ ಮಾಯವಾಗಿ ಬರೀ ನೀರು ಸಿಕ್ಕಿದರೆ ಜಾಸ್ತಿಯಾಯಿತು. ಹೆಂಗಸರು ಉದ್ದಿನ ಹಿಟ್ಟಿನ ಒಂದು ಚುಕ್ಕೆ ನೀರಿಗೆ ಬಿಟ್ಟು ತೇಲುತ್ತದಾ ನೋಡುತ್ತಾರೆ. ನೊರೆಗೆ ಆ ಪರೀಕ್ಷೆ ನಡೆಯುವುದಿಲ್ಲ, ಎಂಥ ಕೆಟ್ಟ ನೊರೆಯೂ ತೇಲುತ್ತದೆ. ಬದಲಿಗೆ ಒಂದು ಚಮಚದಷ್ಟು ನೊರೆಯನ್ನು ಅಂಗೈ ಹಿಂಭಾಗಕ್ಕೆ ಹಚ್ಚಿ ಐದು ನಿಮಿಷ ಬಿಡಿ. ಗುಳ್ಳೆ ಒಡೆಯದೆ, ಒಣಗದೆ, ಕೆಳಗೆ ನೀರು ಹರಿಯದೆ ನಿಂತರೆ ಅದು ಮೂರು ಸುತ್ತಿನ ಶೇವಿಂಗ್‌ಗೂ ಸಾಕು.

ಮುಖಕ್ಕೆ

ಒದ್ದೆ ಮುಖಕ್ಕೇ ಹಚ್ಚಿ, ಒರೆಸಿಕೊಂಡ ಮುಖಕ್ಕಲ್ಲ. ಮೊದಲು ಸುತ್ತು ಸುತ್ತಾಗಿ ತಿರುಗಿಸಿದರೆ ಮಲಗಿದ ಕೂದಲು ಏಳುತ್ತದೆ, ನೊರೆ ಬುಡಕ್ಕೆ ಇಳಿಯುತ್ತದೆ. ಆಮೇಲೆ ಗೋಡೆಗೆ ಬಣ್ಣ ಹೊಡೆದ ಹಾಗೆ ಮೇಲೆ ಕೆಳಗೆ ಎಳೆದು ಸಮ ಮಾಡಿ. ಮೊಡವೆ ಇರುವವರು ತಿರುಗಿಸುವುದು ಬಿಟ್ಟು ಬರೀ ಎಳೆಯಿರಿ. ಒಂದು ನಿಮಿಷ ಹಾಗೇ ನಿಲ್ಲಿ. ಪೇಪರ್ ಹೆಡ್‌ಲೈನ್ ಓದಿ ಬೇಕಾದರೆ.

ಮತ್ತೆ, ಫ್ಯಾನ್ ಆಫ್ ಮಾಡಿ. ಇದನ್ನು ಯಾರೂ ಹೇಳುವುದಿಲ್ಲ. ಸೀಲಿಂಗ್ ಫ್ಯಾನಿನ ಅಡಿಯಲ್ಲಿ ಯಾವ ನೊರೆಯೂ ಬದುಕುವುದಿಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಇರುವುದರಿಂದ ಸ್ವಲ್ಪ ಬಚಾವು. ಸೊಲ್ಲಾಪುರ, ಅಕ್ಕಲಕೋಟ ಕಡೆಯ ಒಣ ಬೇಸಿಗೆಯಲ್ಲಿ ಫ್ಯಾನೂ ತಿರುಗಿದರೆ ಕೇಳುವುದೇ ಬೇಡ. ಅಲ್ಲಿನವರು ಇಲ್ಲಿ ಹೇಳಿದ್ದಕ್ಕಿಂತ ನಾಲ್ಕು ಹನಿ ಜಾಸ್ತಿ ನೀರು ಹಾಕಿಕೊಳ್ಳಿ. ಮೂರು ನಾಲ್ಕು ಹನಿ ಗ್ಲಿಸರಿನ್ ಸೇರಿಸಿದರೂ ಆದೀತು, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹೆಚ್ಚು ಹಾಕಿದರೆ ನೊರೆ ಏಳದೆ ಬೆಲ್ಲದ ಪಾಕದಂತೆ ಅಂಟಂಟು.

ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೆ. ಡಬಲ್ ಎಡ್ಜ್ ರೇಜರ್ ಆದರೆ ಹಿಡಿಯನ್ನು ಸ್ವಲ್ಪ ಬಗ್ಗಿಸಿ ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ತಾಗಲಿ, ಭಾರ ಹಾಕಬೇಡಿ. ಮುಖಕ್ಕೆ ನೀರು ಹಾಕಿಕೊಂಡು ಗೆರಟೆಯಲ್ಲಿ ಉಳಿದ ನೊರೆ ಮತ್ತೆ ಹಚ್ಚಿ, ಎರಡನೇ ಸುತ್ತು ಅಡ್ಡಕ್ಕೆ. ನೊರೆ ಇಲ್ಲದ ಜಾಗಕ್ಕೆ ಬ್ಲೇಡು ಒಯ್ಯುವುದೇ ಬೇಡ, ಗಾಯ ಆಗುವುದು ಅಲ್ಲೇ. ಮೂರನೆಯದು, ವಿರುದ್ಧ ದಿಕ್ಕಿನದು, ಚರ್ಮ ತಡೆದರೆ ಮಾತ್ರ. ಕೊನೆಗೆ ತಣ್ಣೀರು, ಪಟಿಕದ ಕಲ್ಲು. ಬ್ಲೇಡಿನ ಸಂಗತಿ ಬೇರೆಯೇ ಬರೆಯುವಷ್ಟಿದೆ. ಒಂದು ಮಾತ್ರ: ಅಂಗಡಿಯಲ್ಲಾದರೂ ಮನೆಯಲ್ಲಾದರೂ ಇನ್ನೊಬ್ಬರ ಬ್ಲೇಡು ಬೇಡ. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ಎಲ್ಲಿ ಕೆಟ್ಟಿತು

ನೊರೆ ದೊಡ್ಡ ಗುಳ್ಳೆಗುಳ್ಳೆಯಾಗಿ ಬಂದು ಮುಖದಿಂದ ಜಾರುತ್ತಿದ್ದರೆ ಎಲ್ಲರೂ ನೀರು ಹೆಚ್ಚಾಯಿತು ಅನ್ನುತ್ತಾರೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಸೋಪು ಕಡಿಮೆಯಾಗಿರುತ್ತದೆ. ಬ್ರಷ್ಷನ್ನು ಮತ್ತೆ ಸೋಪಿಗೆ ಒಯ್ದು ಇಪ್ಪತ್ತು ಸುತ್ತು ತಿರುಗಿಸಿ ಬನ್ನಿ, ನೊರೆ ಎದ್ದು ನಿಲ್ಲುತ್ತದೆ. ಸೋಪು ಮನೆಯಲ್ಲಿ ಚೂರೇ ಉಳಿದಿದ್ದರೆ ಅದೇ ಬ್ರಷ್ಷಿಗೆ ಒಂದಿಷ್ಟು ಕ್ರೀಮು ಸೇರಿಸಿ. ಎರಡೂ ಬೆರೆತು ಬರುವ ನೊರೆ ಕೆಲವೊಮ್ಮೆ ಒಂದೊಂದರ ನೊರೆಗಿಂತ ಚೆನ್ನಾಗಿರುತ್ತದೆ.

ಮುಖದ ಮೇಲೆ ಬಿರುಕು ಬಿಟ್ಟಂತೆ ಒಣಗಿದರೆ ನೀರು ಸಾಲದು. ಬ್ರಷ್ಷಿನ ತುದಿ ಒದ್ದೆ ಮಾಡಿ ಮುಖದ ಮೇಲೇ ಆಡಿಸಿ, ಮೊದಲಿಂದ ಶುರು ಮಾಡಬೇಕಾಗಿಲ್ಲ. ಮೊದಲು ಚೆನ್ನಾಗಿದ್ದ ನೊರೆ ಎರಡನೇ ಸುತ್ತಿಗೆ ಕೂತುಹೋದರೆ ನೀರು ತುಂಬ ಬಿಸಿ ಇತ್ತೇ ನೋಡಿ. ಬಿಸಿ ಹೆಚ್ಚಾದರೆ ಗುಳ್ಳೆಯ ಪೊರೆ ತೆಳುವಾಗಿ ಬೇಗ ಒಡೆಯುತ್ತದೆ. ಕೈಗೆ ಹಿತ ಅನ್ನಿಸುವ ಬಿಸಿ ಸಾಕು. ಇದೆಲ್ಲ ಸರಿಯಿದ್ದೂ ಬೂದು ಜಿಡ್ಡು ಬಂದರೆ ಮತ್ತೆ ಬಾಟಲಿಯ ಪರೀಕ್ಷೆಗೆ ಹೋಗಿ. ಮನೆಗೆ ಹೊಸ ಬೋರ್‌ವೆಲ್ ಹಾಕಿಸಿದ ಮೇಲೆ ಹೀಗಾಗುತ್ತಿದ್ದರೆ ಕಾರಣ ಹುಡುಕುವುದೇ ಬೇಡ, ಅಲ್ವಾ?

ಮಳೆಗಾಲದ ಬ್ರಷ್

ಮುಗಿದ ಮೇಲೆ ಬ್ರಷ್ಷನ್ನು ಬುಡದ ತನಕ ತೊಳೆಯಿರಿ. ಹಿಂಡಿ ತಿರುಚಬೇಡಿ, ಕೊಡವಿ, ಟವೆಲಿನ ಮೇಲೆ ಹಿಂದೆ ಮುಂದೆ ಆಡಿಸಿ. ತಿಂಗಳಿಗೊಮ್ಮೆ ಸ್ವಲ್ಪ ಶಾಂಪೂ ಹಾಕಿ ತೊಳೆದರೆ ಕೂತ ಜಿಡ್ಡು ಹೋಗುತ್ತದೆ. ಗೆರಟೆಯನ್ನೂ ಒರೆಸಿ ಕವುಚಿಡಿ. ಸೋಪಿನ ಡಬ್ಬಿ ಒಣಗುವ ತನಕ ಮುಚ್ಚಳ ಹಾಕಬೇಡಿ.

ಬೇಸಿಗೆಯಲ್ಲಿ ಇಷ್ಟು ಸಾಕು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಬಚ್ಚಲಲ್ಲಿ ಇಟ್ಟ ಬ್ರಷ್ ಮರುದಿನವೂ ಒದ್ದೆಯೇ. ಒಂದು ವಾರಕ್ಕೆ ಬುಡದಲ್ಲಿ ಮುಗ್ಗಲು ವಾಸನೆ, ಎರಡು ವಾರಕ್ಕೆ ಕಪ್ಪು ಚುಕ್ಕೆ. ಕಪ್ಪು ಚುಕ್ಕೆ ಬಂದ ಬ್ರಷ್ಷನ್ನು ಮುಖಕ್ಕೆ ತರಬೇಡಿ. ಎರಡು ಬ್ರಷ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸುವುದು ಒಂದು ಉಪಾಯ. ನಾನು ಮಾಡಿದ್ದು ಬೇರೆ. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಯ ಮೊಳೆಗೆ, ಬಟ್ಟೆಯ ಕ್ಲಿಪ್ಪಿನಿಂದ, ಕೂದಲು ಕೆಳಗೆ ಮಾಡಿ ನೇತುಹಾಕಿದೆ. ಬೆಳಗ್ಗೆಗೆ ಗರಿಗರಿಯಾಗಿ ಒಣಗಿತ್ತು. ಅದು ಸೌಟು ಹಾಕುವ ಮೊಳೆ ಅಂತ ಮನೆಯವಳು ಎರಡು ದಿನ ಮೆಲ್ಲ ಹೇಳಿದಳು. ಮೂರನೇ ದಿನ ಸಾರಿನಲ್ಲಿ ಗಂಧದ ಸೋಪಿನ ಪರಿಮಳ ಬಂತು ಅಂದಳು. ಬ್ರಷ್‌ಗೆ ಈಗ ಒಲೆಯಿಂದ ನಾಲ್ಕಡಿ ಆಚೆ ಬೇರೆಯೇ ಮೊಳೆ.